ದೋಸೆಯಲ್ಲಿ ಕಲಿತು ನಾಮಕರಣಕ್ಕೆ ಹೋಗಿ: ಮನೆಯ ಫೋಟೊ ನೀವೇ ತೆಗೆಯೋದು ಹೇಗೆ

ನಾಮಕರಣಕ್ಕೋ ಗೃಹಪ್ರವೇಶಕ್ಕೋ ಹೋಗಿ ಫೋಟೊ ತೆಗೆದು ಕೊಟ್ಟ ಮೇಲೆ ಆ ಮನೆಯವರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. "ನಮ್ಮ ಫೋನಲ್ಲೂ ಒಳ್ಳೆ ಕ್ಯಾಮೆರಾನೇ ಇದೆ, ನಾವು ತೆಗೆದರೆ ಯಾಕೆ ಹೀಗೆ ಬರಲ್ಲ?" ಮೆಸೇಜ್ ಮಾಡುವವರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ. ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ಇದು ಸ್ಟುಡಿಯೊ ಫೋಟೊ ಬಗ್ಗೆ ಅಲ್ಲ. ಎಳೆ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ, ಗಲ್ಲದ ಕೆಳಗೆ ಕೈ ಇಟ್ಟು ಪೋಸ್ ಕೊಡಿಸುವ ಫೋಟೊಗಳನ್ನು ನೋಡಿರುತ್ತೀರಿ. ಅವನ್ನು ಮನೆಯಲ್ಲಿ ಪ್ರಯತ್ನಿಸಲೇಬೇಡಿ. ಕೂಸಿನ ಕತ್ತು ಇನ್ನೂ ನಿಂತಿರುವುದಿಲ್ಲ, ಅದಕ್ಕೆ ತರಬೇತಿ ಬೇಕು. ಇಲ್ಲಿ ಹೇಳುತ್ತಿರುವುದು ಮನೆಯಲ್ಲಿ ತಾನಾಗಿ ನಡೆಯುವುದನ್ನು ತೆಗೆಯುವ ಬಗ್ಗೆ. ಅಮ್ಮ ಹೂ ಕಟ್ಟೋದು, ಅಜ್ಜ ಪೇಪರ್ ಓದ್ತಾ ನಿದ್ದೆ ಹೋಗೋದು, ಮಗಳು ಶೂ ಲೇಸ್ ಜೊತೆ ಕುಸ್ತಿ ಮಾಡೋದು, ಹಾಗೇ ತೊಟ್ಟಿಲು, ಅಕ್ಷರಾಭ್ಯಾಸ, ಮದುವೆ, ಅಪ್ಪನ ನಿವೃತ್ತಿ.

ಹೆಚ್ಚಿನವರು ತಪ್ಪುವುದು ಒಂದೇ ಕಡೆ. ದೊಡ್ಡ ದಿನ ಬಂದಾಗ ಮಾತ್ರ ಕ್ಯಾಮೆರಾ ಹೊರಗೆ ತೆಗೆಯುತ್ತಾರೆ. ಅಮ್ಮ ದೋಸೆ ಹುಯ್ಯುವ ಫೋಟೊ ಇವತ್ತು ಕೆಟ್ಟರೆ ಏನೂ ಮುಳುಗಿ ಹೋಗಲ್ಲ, ನಾಳಿದ್ದೂ ಹುಯ್ಯುತ್ತಾರೆ. ಮಗುವಿನ ಕಿವಿಯಲ್ಲಿ ಮೊದಲ ಸಲ ಹೆಸರು ಹೇಳೋದು ಮತ್ತೆ ನಡೆಯಲ್ಲ. ಮರಳಿ ಬರುವುದರಲ್ಲಿ ಕೈ ಪಳಗಿಸಿಕೊಂಡು ಮರಳಿ ಬಾರದ್ದನ್ನು ತೆಗೆಯಬೇಕು. ಕೆಳಗಿರುವ ಹಂತಗಳು ಅದೇ ಲೆಕ್ಕದಲ್ಲಿವೆ.

ಏನೇನು ಬೇಕು

ಈಗಿರುವ ಫೋನ್ ಸಾಕು. ನಾಲ್ಕೈದು ವರ್ಷ ಹಳೆಯದಾದರೂ ಪರವಾಗಿಲ್ಲ. ಕ್ಯಾಮೆರಾ ಇದ್ದರೆ 50 ಎಂ.ಎಂ., ಎಫ್ 1.8 ಲೆನ್ಸ್ ಒಂದು ಸಾಕು. ಲೆನ್ಸುಗಳಲ್ಲಿ ಅಗ್ಗದ್ದೂ ಅದೇ, ಮನೆಯೊಳಗಿನ ಮಬ್ಬು ಬೆಳಕಿಗೆ ಹೊಂದುವುದೂ ಅದೇ. ಎಫ್ ಅಂದರೆ ಲೆನ್ಸಿನ ಕಿಂಡಿ, ಇದನ್ನೇ ಅಪರ್ಚರ್ ಅನ್ನುತ್ತಾರೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಒಳಗೆ ಬರುವ ಬೆಳಕು ಜಾಸ್ತಿ. ಉಲ್ಟಾ ಅನಿಸುತ್ತದೆ, ಅಭ್ಯಾಸವಾಗುತ್ತದೆ. ಜೊತೆಗೆ ಒಂದು ಹಳೆಯ ಬಿಳಿ ಪಂಚೆ, ಒಂದು ಬಿಳಿ ಥರ್ಮೋಕೋಲ್ ಹಾಳೆ, ಒಂದು ಮೆತ್ತನೆಯ ಹತ್ತಿ ಬಟ್ಟೆ. ಅಷ್ಟೇ. "ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಕೇಳುವವರಿಗೆ ನನ್ನ ಉತ್ತರ: ಆರು ತಿಂಗಳು ಬಿಟ್ಟು ಕೇಳಿ.

1. ಫೋನನ್ನು ಸಿದ್ಧ ಮಾಡಿಕೊಳ್ಳಿ

ಲೆನ್ಸ್ ಒರೆಸಿ. ತಮಾಷೆ ಅಲ್ಲ. ದಿನವಿಡೀ ಜೇಬಿನಲ್ಲಿ, ವ್ಯಾನಿಟಿ ಬ್ಯಾಗಿನಲ್ಲಿ ಇದ್ದ ಫೋನಿನ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಕೂತಿರುತ್ತದೆ. ದೀಪದ ಸುತ್ತ ಮಂಜು ಕವಿದ ಹಾಗೆ ಬರುವ ಫೋಟೊಗಳಲ್ಲಿ ಅರ್ಧಕ್ಕರ್ಧ ಇದರ ಫಲ.

ಆಮೇಲೆ ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ಬ್ಯೂಟಿ ಫಿಲ್ಟರ್ ಪೂರ್ತಿ ಸೊನ್ನೆ ಮಾಡಿ. ಕೆಲವು ಫೋನುಗಳಲ್ಲಿ ಅದು ಕೇಳದೆಯೇ ಆನ್ ಆಗಿರುತ್ತದೆ. ಅಜ್ಜಿಯ ಕೆನ್ನೆಯ ಸುಕ್ಕನ್ನು ಒರೆಸಿ ಹಾಕಿದರೆ ಉಳಿಯುವುದು ಯಾರ ಮುಖ ಹೇಳಿ? ಗ್ರಿಡ್ ಆನ್ ಮಾಡಿ, ಪರದೆಯ ಮೇಲೆ ನಾಲ್ಕು ಗೆರೆ ಬರುತ್ತವೆ, ಬಾಗಿಲು ಕಿಟಕಿ ವಾಲದ ಹಾಗೆ ನೋಡಿಕೊಳ್ಳಲು ಅನುಕೂಲ. ಫ್ಲ್ಯಾಶ್ ಆಫ್ ಮಾಡಿ, ಆಟೋದಲ್ಲೂ ಬಿಡಬೇಡಿ. ವಾಲ್ಯೂಮ್ ಬಟನ್ ಒತ್ತಿದರೂ ಫೋಟೊ ಬರುತ್ತಾ ಅಂತ ಒಮ್ಮೆ ನೋಡಿ. ಹೆಚ್ಚಿನ ಫೋನುಗಳಲ್ಲಿ ಬರುತ್ತದೆ. ಪರದೆ ಮುಟ್ಟುವಾಗ ಆಗುವ ಅಲುಗಾಟ ಇದರಲ್ಲಿ ಕಮ್ಮಿ.

ಇನ್ನೊಂದು ಗುಟ್ಟು, ಗುಟ್ಟೇನಲ್ಲ, ಯಾರೂ ಬಳಸಲ್ಲ ಅಷ್ಟೇ. ತೆಗೆಯಬೇಕಾದ ಮುಖದ ಮೇಲೆ ಬೆರಳಿಟ್ಟು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ. ಫೋಕಸ್ಸೂ ಬೆಳಕಿನ ಅಳತೆಯೂ ಅಲ್ಲೇ ನಿಲ್ಲುತ್ತವೆ. ಪಕ್ಕದಲ್ಲೇ ಒಂದು ಸೂರ್ಯನ ಗುರುತು ಬರುತ್ತದೆ, ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ಚಿತ್ರ ತುಸು ಕಪ್ಪಾಗಲಿ. ಕಪ್ಪಾದದ್ದನ್ನು ಆಮೇಲೆ ಬೆಳಗಿಸಬಹುದು, ಪೂರ್ತಿ ಬಿಳಿಚಿಕೊಂಡ ಕಡೆ ತರಲು ಅಲ್ಲಿ ಏನೂ ಉಳಿದಿರುವುದಿಲ್ಲ.

2. ಮನೆಯ ಬೆಳಕನ್ನು ಗುರುತು ಮಾಡಿಕೊಳ್ಳಿ

ಫೋಟೊ ತೆಗೆಯುವ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ. ಬೆಳಿಗ್ಗೆ 7, 9, ಮಧ್ಯಾಹ್ನ 12, ಸಂಜೆ 4, ಐದೂವರೆ, ಈ ಹೊತ್ತಿಗೆ ಮನೆಯ ಪ್ರತಿ ಕೋಣೆಗೂ ಸುಮ್ನೆ ಒಂದು ಸುತ್ತು ಹೋಗಿ ಬನ್ನಿ, ಎಲ್ಲಿ ಯಾವ ಕಿಟಕಿಯಿಂದ ಬೆಳಕು ಬಂದು ಎಲ್ಲಿ ಬೀಳುತ್ತಿದೆ ಅಂತ ನೋಡಿ, ಬೇಕಾದರೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ಹತ್ತು ವರ್ಷ ಇದ್ದ ಮನೆಯಲ್ಲೂ ಬಚ್ಚಲಿನ ಪಕ್ಕದ ಮೂಲೆಗೆ ಸಂಜೆ ಎಂಥ ಚಂದದ ಬೆಳಕು ಬರುತ್ತದೆ ಅಂತ ಗೊತ್ತೇ ಇರುವುದಿಲ್ಲ.

ನಮ್ಮ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಮನೆಯ ಮಾಡಿಗೆ ಒಂದೋ ಎರಡೋ ಗಾಜಿನ ಹೆಂಚು ಹಾಕಿರುತ್ತಾರೆ. ಒಲೆಯ ಹೊಗೆ ಇದ್ದಾಗ ಆ ಹೆಂಚಿನಿಂದ ಇಳಿಯುವ ಬೆಳಕು ಕೋಲಿನ ಹಾಗೆ ಕಾಣುತ್ತದೆ. ಒಂದೇ ಕಡೆ ನಿಲ್ಲಲ್ಲ. ಬೆಳಿಗ್ಗೆ ಗೋಡೆಯ ಮೇಲಿದ್ದದ್ದು ಜಾರುತ್ತಾ ಬಂದು ಹತ್ತೂವರೆ ಹೊತ್ತಿಗೆ ಮಣೆ ಹಾಕಿಕೊಂಡು ತರಕಾರಿ ಹೆಚ್ಚುವವರ ಕೈ ಮೇಲೆ ಬೀಳುತ್ತದೆ, ಕಾಲು ಗಂಟೆಯಲ್ಲಿ ದಾಟಿ ಹೋಗುತ್ತದೆ. ಅಂಥ ಮನೆ ನಿಮ್ಮದಾದರೆ ನಿಮ್ಮ ಪುಣ್ಯ. ತೊಟ್ಟಿ ಮನೆಯಾದರೆ ಇನ್ನೂ ಸುಲಭ. ತೊಟ್ಟಿಯ ಅಂಚಿನ ಜಗಲಿಯಲ್ಲಿ ದಿನವಿಡೀ ಮೆತ್ತನೆಯ ಬೆಳಕು ಇರುತ್ತದೆ.

ಅಪಾರ್ಟ್‌ಮೆಂಟಿನವರು ಬೇಜಾರಾಗಬೇಡಿ. ಬಾಲ್ಕನಿ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಕೂರಿಸಿದರೆ ಅದೇ ಬೆಳಕು ಸಿಗುತ್ತದೆ. ನಿಯಮ ಇಷ್ಟೇ: ಕಿಟಕಿ ಅವರ ಪಕ್ಕಕ್ಕಿರಲಿ, ಬೆನ್ನ ಹಿಂದೆ ಬೇಡ. ಕಿಟಕಿ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಬಿಸಿಲು ನೇರವಾಗಿ ಬಿದ್ದು ಕಣ್ಣು ಚುಚ್ಚುತ್ತಿದ್ದರೆ ಕಿಟಕಿಗೆ ಬಿಳಿ ಪಂಚೆ ಕಟ್ಟಿ. ಸಾವಿರಾರು ರೂಪಾಯಿ ಕೊಟ್ಟು ತರುವ ಸಾಫ್ಟ್‌ಬಾಕ್ಸ್ ಮಾಡುವ ಕೆಲಸವೂ ಅದೇ, ಬೆಳಕನ್ನು ಸೋಸಿ ಹರಡುವುದು. ಮುಖದ ಇನ್ನೊಂದು ಬದಿ ತೀರಾ ಕತ್ತಲೆ ಅನಿಸಿದರೆ ಆ ಕಡೆಗೆ ಥರ್ಮೋಕೋಲ್ ಹಾಳೆ ಹಿಡಿಸಿ, ಬೆಳಕು ಅದಕ್ಕೆ ಬಡಿದು ಮುಖಕ್ಕೆ ವಾಪಸ್ ಬರುತ್ತದೆ.

ಈಗ ದೊಡ್ಡ ತಪ್ಪಿನ ವಿಷಯ. ಹಗಲು ಹೊತ್ತಿನಲ್ಲಿ ಫೋಟೊ ಅಂದ ತಕ್ಷಣ ಯಾರಾದರೂ ಓಡಿ ಹೋಗಿ ಮನೆಯ ಎಲ್ಲ ಲೈಟ್ ಹಾಕುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಕಿಟಕಿಯ ಬೆಳಕಿನ ಬಣ್ಣ ಬೇರೆ, ಬಲ್ಬಿನ ಬಣ್ಣ ಬೇರೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಕ್ಯಾಮೆರಾ ಎರಡನ್ನೂ ಒಟ್ಟಿಗೆ ಸರಿ ಮಾಡಲಾರದು. "ನಮ್ಮ ಫೋಟೊ ಯಾಕೆ ಹಳದಿ ಬರುತ್ತೆ" ಅನ್ನುವವರೆಲ್ಲ ಮೊದಲು ಲೈಟ್ ಆರಿಸಿ ನೋಡಿ. ರಾತ್ರಿಯಾದರೆ ಒಂದೇ ಬಗೆಯ ದೀಪ ಉಳಿಸಿಕೊಂಡು ಬೇರೆಯದನ್ನು ಆರಿಸಿ.

3. ಒಂದೇ ಕೆಲಸವನ್ನು ಒಂದು ವಾರ ತೆಗೆಯಿರಿ

ಯಾವುದಾದರೂ ನಿತ್ಯದ ಕೆಲಸ ಆರಿಸಿ. ನಾನು ಎಲ್ಲರಿಗೂ ದೋಸೆಯನ್ನೇ ಹೇಳುತ್ತೇನೆ, ಅದರಲ್ಲಿ ಬೆಳಕು, ಹೊಗೆ, ಕೈಚಳಕ ಎಲ್ಲ ಇದೆ. ಮೊದಲ ದಿನ ನೀವು ತೆಗೆಯುವುದು ಕಾವಲಿಯ ಮೇಲಿನ ದೋಸೆಯ ಫೋಟೊ. ಅದು ಹೋಟೆಲಿನ ಮೆನುವಿಗೆ ಆಗುತ್ತದೆ. ಎರಡನೇ ದಿನ ಅಮ್ಮ "ಏನೋ ಇದು, ಹೋಗಾಚೆ" ಅನ್ನುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ಕ್ಯಾಮೆರಾ ನೋಡಿ ನಗುತ್ತಾರೆ. ಮೂರು ನಾಲ್ಕನೇ ದಿನಕ್ಕೆ ನೀವಲ್ಲಿ ಇರುವುದೇ ಮರೆತುಹೋಗುತ್ತದೆ.

ಆಗ ಕಣ್ಣು ಬಿಟ್ಟು ನೋಡಿ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಸವರುತ್ತಾರೆ. ನೀರು ಚಿಮುಕಿಸಿದಾಗ ಚುಯ್ ಅಂತ ಆವಿ ಏಳುತ್ತದೆ, ಮುಖ ಅರೆಗಳಿಗೆ ಹಿಂದಕ್ಕೆ ಹೋಗುತ್ತದೆ. ಸೌಟಿನ ಬೆನ್ನಲ್ಲಿ ಹಿಟ್ಟನ್ನು ಸುತ್ತುವಾಗ ಮಣಿಕಟ್ಟಿನ ಬಳೆಗಳು ಒಟ್ಟಿಗೆ ಕೆಳಗೆ ಜಾರುತ್ತವೆ. ಆಮೇಲೆ ಒಂದು ಅರ್ಧ ನಿಮಿಷ ಏನೂ ಕೆಲಸ ಇಲ್ಲ, ದೋಸೆ ಬೇಯಬೇಕು. ಒಂದು ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದು, ಇನ್ನೊಂದು ಕೈ ಸೊಂಟದ ಮೇಲಿಟ್ಟು, ಕಿಟಕಿಯಾಚೆ ಎಲ್ಲೋ ನೋಡುತ್ತಾ ನಿಂತಿರುತ್ತಾರೆ. ನಿಮ್ಮ ಫೋಟೊ ಅದು. ದಿನಾ ಹತ್ತು ದೋಸೆಗೆ ಹತ್ತು ಸಲ ಬರುವ ಅರ್ಧ ನಿಮಿಷ ಅದು, ಮನೆಯಲ್ಲಿ ಯಾರೂ ಅದನ್ನು ನೋಡಿರುವುದಿಲ್ಲ, ಯಾಕೆಂದರೆ ಎಲ್ಲರೂ ಆಚೆ ತಟ್ಟೆ ಹಿಡಿದು ಕೂತಿರುತ್ತಾರೆ.

ಇದನ್ನು ಹಿಡಿಯುವ ಕ್ರಮ: ಮೊದಲು ಜಾಗ ಹಿಡಿಯಿರಿ. ಕಿಟಕಿ ಒಂದು ಪಕ್ಕಕ್ಕೆ ಬರುವ ಹಾಗೆ, ಹಿಂದೆ ಪ್ಲಾಸ್ಟಿಕ್ ಕವರು, ಗ್ಯಾಸ್ ಪೈಪು ಕಾಣದ ಹಾಗೆ ನಿಲ್ಲಿ. ಒಂದು ಹೆಜ್ಜೆ ಆಚೀಚೆ ಸರಿದರೆ ಹಿನ್ನೆಲೆಯ ಅರ್ಧ ಕಸ ಮಾಯವಾಗುತ್ತದೆ. ಆಮೇಲೆ ಕಾಯಿರಿ. ಅವರ ಹಿಂದೆ ಓಡಾಡಬೇಡಿ, ಕೆಲಸ ಮಾಡುವವರೇ ಚೌಕಟ್ಟಿನೊಳಗೆ ಬರುತ್ತಾರೆ. ಹತ್ತಿರದ್ದು ಬೇಕಾದರೆ ನಡೆದು ಹತ್ತಿರ ಹೋಗಿ, ಎರಡು ಬೆರಳಲ್ಲಿ ಝೂಮ್ ಎಳೆಯಬೇಡಿ. ಫೋನಿನ ಝೂಮ್ ಒಂದು ಮಟ್ಟ ದಾಟಿದ ಮೇಲೆ ಬರೀ ಚಿತ್ರ ಕತ್ತರಿಸಿ ಹಿಗ್ಗಿಸುವುದು, ಹೊಸದೇನೂ ಸಿಗಲ್ಲ. ಹಾಗೆಯೇ 0.5 ಅಂತ ಬರುವ ಅಗಲದ ಲೆನ್ಸಿನಲ್ಲಿ ಮುಖ ಅಂಚಿಗೆ ಬಂದರೆ ತಲೆ ಸೋರೆಕಾಯಿ ಆಗುತ್ತದೆ. ಅದನ್ನು ಇಡೀ ಮನೆ, ಚಪ್ಪರ ತೋರಿಸಲು ಇಟ್ಟುಕೊಳ್ಳಿ.

ಇಂಥ ಸಾಮಾನ್ಯ ಜೀವನವನ್ನೇ ಬದುಕಿಡೀ ತೆಗೆದವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009). ಪತ್ರಿಕಾ ಛಾಯಾಗ್ರಾಹಕರು, 1977ರಲ್ಲಿ ಪದ್ಮಶ್ರೀ ಬಂತು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನ ಕಂಡವು. ಅವರ ಕಪ್ಪು ಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ನೂರು ಟ್ಯುಟೋರಿಯಲ್ ವಿಡಿಯೊ ನೋಡುವುದಕ್ಕಿಂತ ಅದು ಮೇಲು ಅಂತ ನನ್ನ ಅಭಿಪ್ರಾಯ.

4. ಮಸುಕಾಗುವುದನ್ನು ನಿಲ್ಲಿಸಿ

ಮಕ್ಕಳ ಫೋಟೊ ಮಸುಕಾಗುವುದಕ್ಕೆ ಕಾರಣ ಶಟರ್ ಸ್ಪೀಡ್. ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರುತ್ತದೆ ಅನ್ನುವುದು. ಬೆಳಕು ಕಮ್ಮಿಯಾದರೆ ಅದು ಜಾಸ್ತಿ ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಮಗು ಜಾಗ ಬಿಟ್ಟಿರುತ್ತದೆ. ಕೂತವರಿಗೆ ಸೆಕೆಂಡಿನ 1/125, ಆಡುವ ಮಗುವಿಗೆ 1/250, ಓಡುವ ಮಗುವಿಗೆ 1/500, ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ. ಕ್ಯಾಮೆರಾದಲ್ಲಿ ಇದನ್ನು ನೀವೇ ಇಡಬಹುದು, ಕೆಲವು ಫೋನುಗಳ ಪ್ರೊ ಮೋಡಿನಲ್ಲೂ ಇದೆ. ಇಷ್ಟು ವೇಗ ಬೇಕಾದರೆ ಐಎಸ್ಒ ಏರಿಸಬೇಕಾಗುತ್ತದೆ, ಅಂದರೆ ಬೆಳಕನ್ನು ಹಿಡಿಯುವ ಚುರುಕು. 1600, 3200ರ ತನಕ ಹೆದರಬೇಡಿ. ಸ್ವಲ್ಪ ರವೆ ರವೆಯಾಗಿ ಕಂಡರೂ ಪರವಾಗಿಲ್ಲ. ರವೆ ಬಂದ ಫೋಟೊ ಇಟ್ಟುಕೊಳ್ಳಬಹುದು, ಮಸುಕಾದದ್ದನ್ನು ಎಸೆಯಬೇಕು.

ಮಾಮೂಲಿ ಮೋಡಿನಲ್ಲೇ ತೆಗೆಯುವವರು ಎರಡು ಕೆಲಸ ಮಾಡಿ. ಮಗುವನ್ನು ಕಿಟಕಿ ಹತ್ತಿರ ಆಡಲು ಬಿಡಿ, ಮತ್ತು ಒಂದೇ ಸಲಕ್ಕೆ ಸಾಲು ಸಾಲು ಫೋಟೊ ಬರುವ ಬರ್ಸ್ಟ್ ಬಳಸಿ. ನೈಟ್ ಮೋಡ್ ಮಕ್ಕಳಿಗೆ ಬೇಡವೇ ಬೇಡ. ಅದು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ, ಅಷ್ಟು ಹೊತ್ತು ಕದಲದೆ ಕೂರುವ ಮಗು ನಾನಂತೂ ನೋಡಿಲ್ಲ.

ಇನ್ನೊಂದು ವಿಚಿತ್ರ ತೊಂದರೆ ಇದೆ. ಟ್ಯೂಬ್‌ಲೈಟ್ ಅಥವಾ ಕೆಲವು ಎಲ್‌ಇಡಿ ಕೆಳಗೆ ತೆಗೆದ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ಫೋನ್ ಕೆಟ್ಟಿದೆ ಅಂತ ರಿಪೇರಿ ಅಂಗಡಿಗೆ ಒಯ್ದವರೂ ಇದ್ದಾರೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ಕಾಣಲ್ಲ. ಶಟರ್ ಸ್ಪೀಡನ್ನು 1/50 ಇಲ್ಲವೇ 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ. ಮೇಲೆ ಹೇಳಿದ 1/250ಕ್ಕೆ ಇದು ವಿರುದ್ಧ ಅಲ್ವಾ ಅಂತ ಕೇಳಬಹುದು. ಹೌದು, ವಿರುದ್ಧವೇ. ಅದಕ್ಕೇ ಹಗಲಿನ ಕಿಟಕಿ ಅಂತ ನಾನು ಹಟ ಹಿಡಿಯುವುದು.

5. ದೊಡ್ಡ ದಿನದ ಹಿಂದಿನ ಸಂಜೆ

ಮೆಮೊರಿ ಖಾಲಿ ಮಾಡಿ, ಚಾರ್ಜ್ ಮಾಡಿ. ಈ ಸಾಲನ್ನು ಓದಿ ಮುಂದೆ ಹೋಗಬೇಡಿ, ನಿಜವಾಗಿ ಮಾಡಿ. ನಮ್ಮ ಮನೆಯದ್ದೇ ಗೃಹಪ್ರವೇಶದಲ್ಲಿ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ನನ್ನ ಫೋನು "ಜಾಗ ಇಲ್ಲ" ಅಂದಿತ್ತು. ಊರವರಿಗೆಲ್ಲ ಹಾಲುಕ್ಕಿದ ಫೋಟೊ ತೆಗೆದುಕೊಟ್ಟವನ ಮನೆಯಲ್ಲಿ ಆ ಫೋಟೊ ಇಲ್ಲ.

ಕೂರುವ ಜಾಗಕ್ಕೆ ಹೋಗಿ ನೋಡಿ. ಶಾಮಿಯಾನ ಹಾಕಿಸುತ್ತಿದ್ದರೆ ಮೇಲಿನ ಬಟ್ಟೆ ಯಾವ ಬಣ್ಣ ಅಂತ ಕೇಳಿ. ಗುಲಾಬಿ ಬಟ್ಟೆಯ ಕೆಳಗೆ ಎಲ್ಲರ ಮುಖವೂ ಗುಲಾಬಿ, ಹಸಿರು ಬಟ್ಟೆಯ ಕೆಳಗೆ ಎಲ್ಲರೂ ಕಾಯಿಲೆಯವರ ಹಾಗೆ. ಹಸೆಮಣೆಯ ಮೇಲಾದರೂ ಬಿಳಿ ಬಟ್ಟೆ ಕಟ್ಟಿ ಅಂದರೆ ಶಾಮಿಯಾನದವರು ಕಟ್ಟಿಕೊಡುತ್ತಾರೆ, ಆದರೆ ಕಟ್ಟುವ ಮೊದಲು ಹೇಳಬೇಕು.

ಆಮೇಲೆ ಭಟ್ಟರನ್ನೋ ಶಾಸ್ತ್ರ ಗೊತ್ತಿರುವ ಹಿರಿಯ ಹೆಂಗಸರನ್ನೋ ಕೇಳಿ ಕ್ರಮ ತಿಳಿದುಕೊಳ್ಳಿ. ಏನಾದ ಮೇಲೆ ಏನು, ಯಾರು ಯಾವ ಕಡೆ ಮುಖ ಮಾಡಿ ಕೂರುತ್ತಾರೆ. ಒಂದೊಂದು ಮನೆಯ ಪದ್ಧತಿ ಒಂದೊಂದು ಥರ, ನಿಮಗೆ ಗೊತ್ತಿರುವುದು ಬೀಗರ ಮನೆಯಲ್ಲಿ ನಡೆಯದಿರಬಹುದು. ಇಗರ್ಜಿಯಲ್ಲಿ ಜ್ಞಾನಸ್ನಾನ ಇದ್ದರೆ ಫಾದರ್ ಹತ್ತಿರ ಮೊದಲೇ ಕೇಳಿ, ಎಲ್ಲಿ ನಿಲ್ಲಬಹುದು, ಎಲ್ಲಿ ಬೇಡ ಅಂತ ಅವರೇ ಹೇಳುತ್ತಾರೆ.

6. ಆ ದಿನ

ಒಂದು ಗಂಟೆ ಮೊದಲೇ ಹೋಗಿ. ಶಾಸ್ತ್ರದ ಫೋಟೊ ಎಲ್ಲರ ಫೋನಲ್ಲೂ ಇರುತ್ತದೆ. ಅದಕ್ಕೆ ಮುಂಚಿನದ್ದು, ಮುಗಿದ ಮೇಲಿನದ್ದು ಯಾರ ಹತ್ತಿರವೂ ಇರುವುದಿಲ್ಲ. ತೊಟ್ಟಿಲಿಗೆ ಹೂ ಕಟ್ಟುವಾಗಿನ ಜಗಳ, ಕನ್ನಡಿ ಮುಂದೆ ನಾಲ್ಕು ಜನ ಒಟ್ಟಿಗೆ ಪಿನ್ ಚುಚ್ಚಿಕೊಳ್ಳೋದು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವಾಗ ಅಜ್ಜಿ ತನ್ನ ನಾಲಿಗೆ ಕಚ್ಚಿಕೊಂಡಿರೋದು.

ನಾಮಕರಣದಲ್ಲಿ ತಪ್ಪಿಸಬಾರದ್ದು ಮೂರು. ತಟ್ಟೆಯ ಅಕ್ಕಿಯಲ್ಲಿ ಅಪ್ಪ ಉಂಗುರದಿಂದ ಹೆಸರು ಬರೆಯುವುದು. ಇದಕ್ಕೆ ಮೇಲಿನಿಂದ ತೆಗೆಯಬೇಡಿ, ತಟ್ಟೆಯ ಮಟ್ಟಕ್ಕೆ ಕೂತು ತೆಗೆಯಿರಿ, ಅಕ್ಕಿಯಲ್ಲಿ ಬಿದ್ದ ಗೀರು ಪಕ್ಕದ ಬೆಳಕಿಗೆ ಎದ್ದು ಕಾಣುತ್ತದೆ. ಎರಡನೆಯದು ಕಿವಿಯಲ್ಲಿ ಹೆಸರು ಹೇಳುವುದು. ಎಲ್ಲರೂ ಹೇಳುವವರ ಮುಖ ತೆಗೆಯುತ್ತಾರೆ, ನೀವು ಮಗುವಿನ ತಾಯಿಯ ಮುಖದ ಮೇಲೂ ಒಂದು ಕಣ್ಣಿಡಿ. ಮೂರನೆಯದು ಉತ್ತರ ಕರ್ನಾಟಕದ ಕಡೆಯವರಿಗೆ. ಸೋದರತ್ತೆ ಕುರ್ರ್ ಅಂತ ಕಿವಿಯಲ್ಲಿ ಹೆಸರು ಹೇಳುವಾಗ ಅವಳ ಬೆನ್ನಿಗೆ ಗುದ್ದು ಬೀಳುತ್ತದಲ್ಲ, ಆ ಗದ್ದಲಕ್ಕೆ ಬರ್ಸ್ಟ್ ಇಟ್ಟುಕೊಂಡು ಎದುರಿಗೆ ನಿಲ್ಲಿ. ಪಕ್ಕದಲ್ಲಿ ನಿಂತರೆ ಗುದ್ದುವವರ ಬೆನ್ನು ಮಾತ್ರ ಸಿಗುತ್ತದೆ, ನಿಮಗೂ ಒಂದು ಬೀಳಬಹುದು.

ಅಕ್ಷರಾಭ್ಯಾಸದಲ್ಲಿ ಅಪ್ಪನ ಮುಷ್ಟಿಯೊಳಗೆ ಮಗುವಿನ ಬೆರಳು, ಅಷ್ಟೇ ಚೌಕಟ್ಟು ತುಂಬ ತೆಗೆಯಿರಿ. ಮಗು ಅತ್ತರೆ ಕ್ಯಾಮೆರಾ ಕೆಳಗಿಡಬೇಡಿ. ಹದಿನೈದು ವರ್ಷ ಆದ ಮೇಲೆ ಮನೆಯವರು ಎಲ್ಲಕ್ಕಿಂತ ಮೊದಲು ತೆಗೆದು ನೋಡುವುದು ಅತ್ತ ಫೋಟೊವನ್ನೇ. ಸೀಮಂತದಲ್ಲಿ ಹಸಿರು ಬಳೆ ತೊಡಿಸುವಾಗ ಕೈಗಳನ್ನು ನೋಡಿ. ಹಾಲು ಉಕ್ಕಿಸುವಾಗ ಒಲೆಗೆ ತೀರಾ ಹತ್ತಿರ ಹೋದರೆ ಆವಿಗೆ ಲೆನ್ಸ್ ಮಬ್ಬಾಗುತ್ತದೆ. ಎರಡು ಮೂರು ಅಡಿ ದೂರ ನಿಂತು, ಪಾತ್ರೆಯ ಅಂಚಿಗೆ ಫೋಕಸ್ ಕಟ್ಟಿ, ಹಾಲು ಮೇಲೇಳಲು ಶುರುವಾದ ಕೂಡಲೇ ಬರ್ಸ್ಟ್ ಒತ್ತಿ. ಅಯ್ಯೋ ಉಕ್ಕಿತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಹೋಮದ ಹೊಗೆಯಲ್ಲಿ ಫೋಕಸ್ ಅಲೆದಾಡುತ್ತದೆ, ಗಾಳಿ ಎತ್ತ ಬೀಸುತ್ತಿದೆ ನೋಡಿ ಅದರ ಎದುರು ದಿಕ್ಕಿಗೆ ಸರಿಯಿರಿ. ಕಣ್ಣುರಿಯೂ ತಪ್ಪುತ್ತದೆ.

ಶಾಲೆಯ ಮೊದಲ ದಿನಕ್ಕೆ ಗೇಟಿನ ಫೋಟೊ ಬೇಡ, ಅಲ್ಲಿ ಜನಜಂಗುಳಿ. ಮನೆಯ ಹೊಸ್ತಿಲಲ್ಲಿ ತೆಗೆಯಿರಿ. ಮುಂದಿನ ಜೂನಿನಲ್ಲಿ ಅದೇ ಹೊಸ್ತಿಲು, ಅದೇ ಎತ್ತರ, ಅದೇ ದೂರ. ಬಾಗಿಲ ಚೌಕಟ್ಟಿನ ಪಕ್ಕ ಮಗು ಎಷ್ಟು ಬೆಳೆಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಗ್ರೂಪ್ ಫೋಟೊ ಬಗ್ಗೆ ಒಂದೇ ಮಾತು: ಊಟಕ್ಕೆ ಮುಂಚೆ ತೆಗೆಯಿರಿ, ಊಟ ಆದ ಮೇಲೆ ಯಾರೂ ಸಿಗಲ್ಲ. ಕ್ಯಾಮೆರಾ ಆದರೆ ಎಫ್ 5.6 ಇಡಿ, 1.8ರಲ್ಲಿ ಹಿಂದಿನ ಸಾಲಿನ ದೊಡ್ಡಪ್ಪಂದಿರು ಮಸುಕಾಗಿ ಮುನಿಸಿಕೊಳ್ಳುತ್ತಾರೆ. ಕನಿಷ್ಠ ಆರು ಫೋಟೊ ತೆಗೆಯಿರಿ, ಒಂದರಲ್ಲಾದರೂ ಎಲ್ಲರ ಕಣ್ಣು ತೆರೆದಿರುತ್ತದೆ. ಪೋರ್ಟ್ರೇಟ್ ಮೋಡ್ ಬೇಡ, ಅದು ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಅತ್ತೆಯ ಜುಮುಕಿಯನ್ನೂ ಮುಡಿದ ಮಲ್ಲಿಗೆಯನ್ನೂ ನುಂಗಿಹಾಕುತ್ತದೆ.

7. ಕೇಳಿ ತೆಗೆಯಿರಿ, ನೋಡಿ ಹಂಚಿ

ಬಾಣಂತಿ ಕೋಣೆಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಅವರು ಬಾ ಅಂದರೆ ಮಾತ್ರ, ಅದೂ ಐದು ನಿಮಿಷ. ಮಗುವಿನ ಸ್ನಾನದ ಫೋಟೊ ಎಷ್ಟೇ ಮುದ್ದಾಗಿದ್ದರೂ ಮನೆಯೊಳಗಿರಲಿ, ಸ್ಟೇಟಸ್ಸಿಗೆ ಬೇಡ. ಯೂನಿಫಾರ್ಮಿನ ಮೇಲಿನ ಶಾಲೆಯ ಹೆಸರು, ಹಿಂದಿನ ಗೋಡೆಯ ಮನೆ ನಂಬರು ಕಾಣುತ್ತಿದೆಯಾ ನೋಡಿ. ಫೋನಿನ ಫೋಟೊದಲ್ಲಿ ತೆಗೆದ ಜಾಗದ ಗುರುತೂ ಸೇರಿರುತ್ತದೆ, ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಬಹುದು. ಸಾವಿನ ಮನೆಯಲ್ಲಿ ಅವರಾಗಿ ಕೇಳಿದರೆ ಮಾತ್ರ.

8. ಆರಿಸಿ, ಸ್ವಲ್ಪವೇ ತಿದ್ದಿ

ಅದೇ ರಾತ್ರಿ ಆರಿಸಬೇಡಿ. ಎರಡು ದಿನ ಬಿಟ್ಟು ಕೂತರೆ ಕಣ್ಣು ನಿಷ್ಠುರವಾಗಿರುತ್ತದೆ. ಮುನ್ನೂರು ಫೋಟೊ ತೆಗೆದಿದ್ದರೆ ಮೊದಲ ಸುತ್ತಿನಲ್ಲಿ ಮಸುಕಾದದ್ದು, ಒಂದರ ಹಾಗೇ ಇನ್ನೊಂದು ಇರುವುದು ಅಳಿಸಿ. ಉಳಿದದ್ದರಲ್ಲಿ ಮೂವತ್ತಕ್ಕೆ ಇಳಿಸಿ. ಆಲ್ಬಮ್ಮಿಗೆ ಹನ್ನೆರಡು. ಕಷ್ಟ ಆಗುತ್ತದೆ. ಒಂದು ಉಪಾಯ ಹೇಳಲಾ? ಪ್ರತಿ ಫೋಟೊಗೂ "ಇದು ಇಲ್ಲದಿದ್ದರೆ ಆ ದಿನದ ಯಾವುದು ಮರೆತುಹೋಗುತ್ತದೆ?" ಅಂತ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಅದು ಬೇಡ. ಮಸುಕಾಗಿದ್ದರೂ ಉತ್ತರ ಹೊಳೆದರೆ, ಅದನ್ನು ಇಟ್ಟುಕೊಳ್ಳಿ, ನಾನು ಮೇಲೆ ಹೇಳಿದ್ದನ್ನು ಮರೆತುಬಿಡಿ.

ತಿದ್ದಲು ಫೋನಿನ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು, ಪುಕ್ಕಟೆ ಸಿಗುತ್ತದೆ. ವಾಲಿದ್ದನ್ನು ನೆಟ್ಟಗೆ ಮಾಡಿ, ಅಂಚಿನ ಕಸ ಕತ್ತರಿಸಿ, ಬೆಳಕು ಸ್ವಲ್ಪ ಏರಿಸಿ, ಬಣ್ಣ ಹಳದಿಗೆ ಎಳೆದಿದ್ದರೆ ವೈಟ್ ಬ್ಯಾಲೆನ್ಸ್ ಸರಿ ಮಾಡಿ. ಬಿಳಿ ಪಂಚೆ ಬಿಳಿಯಾಗಿ ಕಂಡರೆ ಬಣ್ಣ ಸರಿಯಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ.

9. ಉಳಿಸಿ, ಪ್ರಿಂಟ್ ಹಾಕಿಸಿ

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ. ಒಂದೇ ಕಡೆ ಇಟ್ಟಿದ್ದನ್ನು ಇಟ್ಟ ಲೆಕ್ಕಕ್ಕೆ ಹಿಡಿಯಬೇಡಿ. ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಕ್ಲೌಡಿನಲ್ಲಿ ಒಂದು, ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇನ್ನೊಂದು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು, ಈಗ ಜಿಮೇಲ್ ಎಲ್ಲ ಸೇರಿ 15 ಜಿಬಿ. ತುಂಬಿದ ಮೇಲೆ ಹೊಸದು ಸೇರುವುದು ನಿಂತಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ.

ಕ್ಯಾಮೆರಾ ಇರುವ ಮಲೆನಾಡು, ಕರಾವಳಿಯವರಿಗೆ ಒಂದು ಎಚ್ಚರಿಕೆ. ಮಳೆಗಾಲ ಪೂರ್ತಿ ಅದನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನೊಳಗೆ ಇಟ್ಟರೆ ಲೆನ್ಸಿನ ಒಳಗೆ ಜೇಡರ ಬಲೆ ಥರ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಆಗಾಗ ಹೊರಗೆ ತೆಗೆದು ಬಳಸುವುದು. ಮೂರನೆಯದೇ ಒಳ್ಳೆಯ ಔಷಧ.

ಪ್ರಿಂಟಿಗೆ 4 ಇಂಟು 6 ಇಂಚಿನ ಅಳತೆ ಸಾಕು. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ 1200 ಇಂಟು 1800 ಪಿಕ್ಸೆಲ್ ಬೇಕು, ಯಾವ ಫೋನಿನ ಮೂಲ ಫೈಲಿನಲ್ಲೂ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೆ ಇಲ್ಲೊಂದು ಮೋಸ ಇದೆ. ಫೋನಿನ ಚಿತ್ರ ಸಾಮಾನ್ಯವಾಗಿ 4:3 ಆಕಾರ, ಈ ಪ್ರಿಂಟು 3:2. ಲ್ಯಾಬಿನವರು ಕೇಳದೆ ಕತ್ತರಿಸುತ್ತಾರೆ, ನಿಂತವರ ತಲೆಯೋ ಪಾದವೋ ಹೋಗುತ್ತದೆ. ನೀವೇ 3:2ಕ್ಕೆ ಕತ್ತರಿಸಿ ಕೊಡಿ. ಗ್ಲಾಸಿ ಬೇಡ, ಬೆರಳಚ್ಚು ಕೂರುತ್ತದೆ, ಮ್ಯಾಟ್ ಹಾಕಿಸಿ. ಅಂಟಿನ ಹಾಳೆಯ ಹಳೆ ಥರದ ಆಲ್ಬಂ ತರಬೇಡಿ, ಆ ಅಂಟು ಹಳದಿಯಾಗಿ ಫೋಟೊವನ್ನೇ ಹಿಡಿದುಕೊಳ್ಳುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಜೇಬಿನ ಥರ ತೂರಿಸುವ ಆಲ್ಬಂ ಒಳ್ಳೆಯದು.

ಹಿಂದೆ ಬರೆಯಿರಿ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಮುಖಕ್ಕೆ ಗೆರೆ ಮೂಡುತ್ತದೆ, ಸಿ.ಡಿ. ಮೇಲೆ ಬರೆಯಲು ಬಳಸುತ್ತಿದ್ದ ಸಣ್ಣ ಮೊನೆಯ ಮಾರ್ಕರ್ ತಗೊಂಡು ಅಂಚಿನಲ್ಲಿ ಬರೆದು, ಪೂರ್ತಿ ಒಣಗಿದ ಮೇಲೆ ಒಂದರ ಮೇಲೊಂದು ಇಡಿ. ತಾರೀಖು, ಊರು, ಹೆಸರು. "ಅಜ್ಜಿ" ಅಂತ ಬರೆಯಬೇಡಿ, ಅಜ್ಜಿಯ ಪೂರ್ತಿ ಹೆಸರು ಬರೆಯಿರಿ. ಇನ್ನು ಮೂವತ್ತು ವರ್ಷಕ್ಕೆ ಆ ಆಲ್ಬಂ ತೆಗೆದ ಹುಡುಗಿಗೆ ಯಾರ ಅಜ್ಜಿ ಅಂತ ಗೊತ್ತಾಗಬೇಕಲ್ಲ. ಮತ್ತೆ, ಹನ್ನೆರಡೂ ಫೋಟೊ ಒಮ್ಮೆ ನೋಡಿ, ಯಾವುದರಲ್ಲೂ ನೀವು ಇರುವುದಿಲ್ಲ. ಮುಂದಿನ ಸಲ ದೋಸೆ ತಿನ್ನಲು ಕೂತಾಗ ಫೋನನ್ನು ಅಮ್ಮನ ಕೈಗೆ ಕೊಡಿ. ಲೆನ್ಸ್ ಒರೆಸಿ ಕೊಡಿ, ಅವರ ಕೈಯಲ್ಲಿ ಎಣ್ಣೆ ಇರುತ್ತದೆ.